ಚಿಲಕದ ಮಾವ

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನನ್ನ ಸೋದರಮಾವ ಬೀದಿಬಾಗಿಲಿನ ಚಿಲಕ ತೆಗೆದು, ಹೊಸ್ತಿಲಾಚೆ ಒಮ್ಮೆ ಬಗ್ಗಿ ನೋಡುತ್ತಾರೆ. ನನ್ನ ಪ್ರಾರ್ಥನೆ ತಪ್ಪಿದ ದಿನಗಳುಂಟು, ಅವರ ಈ ರೂಢಿ ತಪ್ಪಿದ್ದಿಲ್ಲ. ಮನೆಯ ಮಕ್ಕಳ ಬಾಯಲ್ಲಿ ಅವರು ಚಿಲಕದ ಮಾವ.

ಕಸುಬಿನಲ್ಲಿ ಬಡಗಿ. ಎಡಗಾಲನ್ನು ಕೊಂಚ ಎಳೆದು ನಡೆಯುವ, ಕಿವಿಯ ಸಂದಿಯಲ್ಲಿ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುವ, ಮೊಣಕೈ ಸವೆದ ಕಂದು ಕೋಟನ್ನು ಬೇಸಿಗೆಯಲ್ಲೂ ಬಿಡದ ಈ ಮನುಷ್ಯನಿಗೆ ಬೆಟ್ಟದ ಹಳೆಯ ಮರದ ಗುಡಿಸಲುಗಳೆಂದರೆ ಪ್ರಾಣ. ಚಿನ್ನ ಹುಡುಕಲು ಬಂದವರು ಕಟ್ಟಿ, ಕುರಿಗಾಹಿಗಳು ಬಾಳಿ, ಕೊನೆಗೆ ಚಾರಣಿಗರ ಪಾಲಿಗೆ ಬಂದ ಕಣಿವೆಯಂಚಿನ ಗುಡಿಸಲಿನ ಒಂದೊಂದು ಹಲಗೆಯ ಚರಿತ್ರೆಯೂ ಅವರ ನಾಲಗೆಯ ತುದಿಯಲ್ಲಿತ್ತು. ಆ ಗುಡಿಸಲಿನ ದುರಸ್ತಿ ನೋಡಿಕೊಳ್ಳುತ್ತಿದ್ದವರೂ ಅವರೇ. ಅದಕ್ಕೆ ಬೀಗವಿರಲಿಲ್ಲ, ಚಿಲಕವಷ್ಟೇ. ಹೊರಗೆ ಹಿಮ ರಾಶಿಬಿದ್ದರೂ ತೆರೆಯಲೆಂದು ಬಾಗಿಲು ಒಳಮುಖ. ಹೊರಡುವವರು ಮುಂದೆ ಬರುವವರಿಗಾಗಿ ಒಣಸೌದೆ ಇಟ್ಟೇ ಹೋಗಬೇಕೆಂಬುದು ಅಲ್ಲಿಯ ಕಟ್ಟಳೆ.

ಒಂದು ವರ್ಷ ಯಾರೋ, ಚಿನ್ನದವರು ಹೆಸರು ಕೊರೆದಿದ್ದ ಹಲಗೆಯನ್ನೇ ಒಲೆಗೆ ಹಾಕಿದ್ದರು. ಮಾವ ಕೆಂಡವಾದರು. "ಬಿಟ್ರೆ ಇಡೀ ಚರಿತ್ರೇನೇ ಬೇಯಿಸ್ಕೊಂಡು ತಿಂತಾರೆ!" ಎನ್ನುತ್ತ, ಚಳಿಗಾಲಕ್ಕೆ ಮುನ್ನ ಹೋಗಿ ಬೀಗ ಜಡಿದು ಬಂದರು.

"ಯಾರಾದ್ರೂ ಬಂದ್ರೆ?" ಎಂದರು ಅತ್ತೆ.

"ಆ ಹಿಮದಲ್ಲಿ ಯಾವ ಪುಣ್ಯಾತ್ಮ ಹತ್ತುತ್ತಾನೆ? ನಿನ್ನ ತಮ್ಮನ್ನ ಬಿಟ್ರೆ ಅಂಥ ತಲೆಕೆಟ್ಟೋರು ಯಾರೂ ಇಲ್ಲ ಬಿಡೆ!"

ಹಿಮ ಕರಗತೊಡಗಿದಾಗ ಅವರ ಜೊತೆ ನಾನೂ ಹತ್ತಿದ್ದೆ. ಬಾಗಿಲಿಗೆ ಒರಗಿ ಗುರುತಿಲ್ಲದವನೊಬ್ಬ ಕುಳಿತಿದ್ದ. "ಏನಪ್ಪಾ, ಸುಸ್ತಾಯ್ತಾ?" ಎಂದು ಮಾವ ದೂರದಿಂದಲೇ ಕೂಗಿದರು. ಅವನು ಅಲುಗಲಿಲ್ಲ. ಹತ್ತಿರ ಹೋದರೆ, ಸೆಟೆದ ಬೆರಳುಗಳಲ್ಲಿ ಮುರಿದ ಚಾಕು. ಬೀಗದ ಸುತ್ತ ಹಲಗೆಯ ತುಂಬ ಗೀರುಗಳು. ಕಿಟಕಿಯೆಂಬ ಕಿಂಡಿಯಿಂದ ಕಾಣುತ್ತಿತ್ತು, ಒಲೆಯ ಪಕ್ಕ ಮಾವನೇ ಒಟ್ಟಿದ್ದ ಒಣಸೌದೆ. ಬೀಗದ ಕೈ ಮಾವನ ಆ ಕಂದು ಕೋಟಿನ ಜೇಬಿನಲ್ಲೇ ಇತ್ತು.

ಮರುದಿನ ಬೆಳಿಗ್ಗೆಯಿಂದ ಶುರುವಾದದ್ದು, ಬೀದಿಬಾಗಿಲು ತೆರೆದು ಬಗ್ಗಿ ನೋಡುವ ಈ ರೂಢಿ.

ಮುಂದೆ ಗುಡಿಸಲುಗಳ ಸಮಿತಿ ಅಲ್ಲಿ ಚರಿತ್ರೆಯ ಫಲಕ ನಿಲ್ಲಿಸಲು ಹೊರಟಾಗ ಕಾರ್ಯದರ್ಶಿ ಮನೆಗೆ ಬಂದರು. "ಚಾರಣಿಗನೊಬ್ಬ ಚಳಿಗೆ ಸಿಕ್ಕಿ ಸತ್ತ ಅಂತಷ್ಟೇ ಬರೆಸ್ತೀವಿ, ಯಜಮಾನ್ರೇ. ಬೀಗದ ಮಾತು ಯಾಕೆ? ನಿಮ್ಮ ಮರ್ಯಾದೆ ನಮ್ಮದೂ ತಾನೇ?"

ಹಳೆಯದನ್ನು ಪ್ರೀತಿಸುವವರು, ಅದು ಯಾರಿಗಾಗಿ ಹುಟ್ಟಿತೆಂಬುದನ್ನೇ ಒಮ್ಮೊಮ್ಮೆ ಮರೆತುಬಿಡುತ್ತಾರೆ. ಮರೆತೆನೆಂದು ಬಾಯಿಬಿಟ್ಟು ಹೇಳುವವರು ಅವರಲ್ಲೂ ವಿರಳ. ಮಾವ ಕಿವಿಯಿಂದ ಪೆನ್ಸಿಲ್ ತೆಗೆದು ಕಾರ್ಯದರ್ಶಿಯ ಮುಂದಿಟ್ಟರು.

"ಕಟ್ಟಿದೋರ ಹೆಸರು ಹಾಕ್ತೀರಲ್ಲ, ಬೀಗ ಹಾಕಿದೋನದ್ದೂ ಹಾಕಿ. ಈ ಉಪಕಾರ ನಂಗೆ ಬೇಡ, ಸ್ವಾಮಿ."