ಬುಧವಾರದ ಉತ್ತರ

ಬಸ್ಸಿನ ಮೆಟ್ಟಿಲು ಹತ್ತಿ "ಚರ್ಚ್ ಸ್ಟಾಪ್, ಒಂದು" ಎನ್ನಲು ಬಾಯಿ ತೆರೆದರೆ ಗಂಟಲಿನಿಂದ ಬರೀ ಗಾಳಿ ಹೊರಬಂತು. ಕಂಡಕ್ಟರ್ ತಲೆಯೆತ್ತಿ ನೋಡಿದ.

"ಏನಮ್ಮ, ಇವತ್ತು ಮೌನವಾ?" ಎಂದು ನಕ್ಕು, ಕೇಳದೆಯೇ ಟಿಕೆಟ್ ಹರಿದುಕೊಟ್ಟ. "ನಿಮ್ಮ ಸ್ಟಾಪ್ ನಂಗೆ ಗೊತ್ತಿಲ್ವಾ? ಕೂತ್ಕೊಳ್ಳಿ."

ಅಕ್ಕ ಕಿಟಕಿಯ ಪಕ್ಕ ಕೂತು ಇನ್ನೊಮ್ಮೆ ಪ್ರಯತ್ನಿಸಿದಳು. ಇಲ್ಲ. ಭಾನುವಾರ ಸಂಜೆ ನೆಗಡಿ ಶುರುವಾದದ್ದು ಗೊತ್ತಿತ್ತು. ಸೋಮವಾರ, ಮಂಗಳವಾರ ಮನೆಯಲ್ಲಿ ಮಾತಾಡುವ ಪ್ರಸಂಗವೇ ಬರಲಿಲ್ಲವಾದ್ದರಿಂದ, ದನಿ ಹೊರಟುಹೋದದ್ದು ತಿಳಿದೇ ಇರಲಿಲ್ಲ.

ಮೂವತ್ತು ವರ್ಷಕ್ಕೂ ಮಿಗಿಲಾಗಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸಿದವಳು ಅವಳು. ಚರ್ಚಿನ ಸಭೆಯವರೆಲ್ಲರ ಬಾಯಲ್ಲಿ ಈಗಲೂ 'ಎಕ್ಸ್‌ಚೇಂಜ್ ಅಕ್ಕ'. ನಿವೃತ್ತಿಯಾಗಿ, ಜೊತೆಗಿದ್ದ ತಂಗಿಯೂ ತೀರಿಕೊಂಡ ಮೇಲೆ ಆ ದನಿಗೆ ವಾರಕ್ಕೊಮ್ಮೆ ಮಾತ್ರ ಕೆಲಸ: ಬುಧವಾರ ಬೆಳಿಗ್ಗೆ ಏಳೂವರೆಯ ಆರಾಧನೆಯಲ್ಲಿ ಗುರುಗಳಾದ ಅಯ್ಯನವರು ಓದುವ ಸಾಲುಗಳಿಗೆ ಪ್ರಾರ್ಥನೆ ಪುಸ್ತಕದಲ್ಲಿರುವ ಸಭೆಯ ಉತ್ತರ ಹೇಳುವುದು. ಭಾನುವಾರ ಇನ್ನೂರು ಜನ ಒಟ್ಟಿಗೆ ಉತ್ತರ ಹೇಳುವಾಗ ಒಬ್ಬಳ ದನಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬುಧವಾರ ಹಾಗಲ್ಲ. ಆಂಗ್ಲಿಕನ್ ಕಟ್ಟಳೆಯಂತೆ ಗುರುಗಳು ಒಬ್ಬರೇ ಕರ್ತನ ಭೋಜನ, ಎಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ಆರಾಧನೆ, ನಡೆಸುವ ಹಾಗಿಲ್ಲ. ಅವರ ಜೊತೆ ರೊಟ್ಟಿ ಸ್ವೀಕರಿಸುವವರು ಇನ್ನೊಬ್ಬರಾದರೂ ಇರಬೇಕು. ಮೂರು ವರ್ಷದಿಂದ ಆ ಇನ್ನೊಬ್ಬರು ಎಂದರೆ ಅಕ್ಕ.

ಆದರೆ ಬೆಳಗಿನ ಬಸ್ಸು ಹೋಗದ ನದಿಯಾಚೆಯ ಹೊಸ ಬಡಾವಣೆಯಲ್ಲಿ ಹನ್ನೆರಡು ಜನ ಗುರುಗಳಿಲ್ಲದೆ ಕಾಯುತ್ತಿದ್ದರು. ಈ ತಿಂಗಳ ಕೊನೆಯ ಬುಧವಾರ, ಎಂದರೆ ಇವತ್ತು, ಅಯ್ಯನವರೂ ಸೇರಿ ಮೂವರಾದರೂ ಆಗದಿದ್ದರೆ ಇಲ್ಲಿಯ ಆರಾಧನೆ ನಿಲ್ಲಿಸಿ ಅವರನ್ನು ಅಲ್ಲಿಗೆ ಕಳಿಸುವುದೆಂದು ಚರ್ಚ್ ಕಮಿಟಿ ತೀರ್ಮಾನಿಸಿತ್ತು. ಅದರಲ್ಲಿ ತಪ್ಪು ಹುಡುಕಲು ಅಕ್ಕನಿಗೂ ಆಗಲಿಲ್ಲ. ಸುಮ್ಮನೆ ನಾಲ್ಕು ಮಂದಿಯನ್ನು ಬರುತ್ತೀರಾ ಎಂದು ಕೇಳಿ ನೋಡಿದ್ದಳು. ಮೂವರಿಗೆ ಪುರುಸೊತ್ತಿರಲಿಲ್ಲ. "ಖಂಡಿತ ಬರ್ತೀನಿ ಅಕ್ಕ" ಎಂದವಳು ಬಸ್ ಸ್ಟಾಪಿನಲ್ಲಿ ಕಾಣಲಿಲ್ಲ.

ಚರ್ಚಿನ ಪಕ್ಕದ ಕಿರುಕೋಣೆಯಲ್ಲಿ ಎಂದಿನಂತೆ ಎರಡು ಮೇಣದಬತ್ತಿ ಉರಿಯುತ್ತಿದ್ದವು. ಅಯ್ಯನವರು, ಇನ್ನೂ ನಲವತ್ತು ದಾಟದವರು, ನಿಲುವಂಗಿಯ ಅಂಚಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಕೊನೆಯ ಬೆಂಚಿನಲ್ಲಿ ಕಮಿಟಿಯ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ಟರು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದರು. ಅಕ್ಕನ ಮುಖ ಅರಳಿತು. ಅಯ್ಯನವರ ಕಡೆ ತಿರುಗಿ ಮೂರು ಬೆರಳು ತೋರಿಸಿದಳು.

"ಅಯ್ಯೋ, ನನ್ನ ಸೇರಿಸ್ಕೋಬೇಡಿ ಅಕ್ಕ," ಹೆಡ್‌ಮಾಸ್ಟರು ಕೈಯಾಡಿಸಿದರು. "ನಾನು ಎಣಿಸೋಕೆ ಬಂದವನು."

"ಹಾಗೇ ಮುಂದೆ ಬಂದು ಮಂಡಿಯೂರಿ ಸರ್," ಎಂದರು ಅಯ್ಯನವರು. "ದೇವರೇನು ಬೇಡ ಅಂತಾನಾ?"

"ದೇವರು ಅನ್ನಲ್ಲ, ಕಮಿಟಿ ಅನ್ನುತ್ತೆ. ಪರೀಕ್ಷೆ ಕಾವಲಿಗೆ ನಿಂತ ಮೇಷ್ಟ್ರೇ ಉತ್ತರ ಬರೆದುಕೊಟ್ಟ ಅಂತ."

ಅಕ್ಕ ನಕ್ಕಳು. ನಗುವೂ ಸದ್ದಿಲ್ಲದೆ ಬಂತು. ಅಯ್ಯನವರು ಹತ್ತಿರ ಬಂದರು. ಅವಳು ಗಂಟಲು ಮುಟ್ಟಿ ತಲೆಯಾಡಿಸಿದಳು.

"ದನಿ ಹೋಯ್ತಾ? ಛೆ. ಈ ಥಂಡಿಗೆ ಯಾಕೆ ಬರೋಕೆ ಹೋದ್ರಿ..." ಎಂದವರು, ಯಾಕೆ ಬಂದಳೆಂದು ತಾವೇ ನೆನಪಿಸಿಕೊಂಡಂತೆ ಅರ್ಧಕ್ಕೇ ನಿಲ್ಲಿಸಿದರು. "ಇರ್ಲಿ ಬಿಡಿ. ನೀವು ಕೂತಿದ್ರೆ ಸಾಕು."

ಕೂತಿದ್ದರೆ ಸಾಕು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ಎರಡೂ ಕಡೆಯ ಮಾತನ್ನು ಇನ್ನು ಅವರೊಬ್ಬರೇ ಹೇಳಿ ಮುಗಿಸುತ್ತಾರೆ. ಕೊನೆಯ ಬುಧವಾರವೇ ಹೀಗಾಗಬೇಕೇ? ಪುಸ್ತಕ ತೆರೆದು ಮಡಿಲಲ್ಲಿಟ್ಟುಕೊಂಡಳು.

"ಕರ್ತನು ನಿಮ್ಮೊಂದಿಗಿರಲಿ," ಎಂದರು ಅಯ್ಯನವರು.

ಆಮೇಲೆ ಸುಮ್ಮನಾದರು. ಅವಳ ಸಾಲನ್ನೂ ಅವರೇ ಹೇಳಲಿ ಎಂದು ಅಕ್ಕ ಕಾದಳು. ಅವರು ಹೇಳಲಿಲ್ಲ, ಪುಸ್ತಕದ ಮೇಲೆ ಕಣ್ಣಿಟ್ಟು ನಿಂತೇ ಇದ್ದರು. ಅವಳ ತುಟಿಗಳು ರೂಢಿಯಂತೆ ಅಲ್ಲಾಡಿದವು: ನಿಮ್ಮೊಂದಿಗೂ ಇರಲಿ. ತುಟಿ ಮುಚ್ಚಿದ ಮೇಲೆ ಅವರು ಮುಂದಿನ ಸಾಲು ಎತ್ತಿಕೊಂಡರು.

ಆಕಸ್ಮಿಕವಿರಬೇಕು ಎಂದುಕೊಂಡಳು. ಆದರೆ ಪ್ರತಿ ಉತ್ತರದ ಜಾಗದಲ್ಲೂ ಹಾಗೇ ಆಯಿತು. ಪಾಪನಿವೇದನೆಯ ಉದ್ದದ ಪ್ರಾರ್ಥನೆ ಬಂದಾಗ ಅಯ್ಯನವರು ಅದರ ಪೂರ್ತಿ ಹೊತ್ತು ತಲೆಬಗ್ಗಿಸಿ ನಿಂತರು. ಹೊರಗೆ ಒಂದು ಲಾರಿ ಹೋಯಿತು. ಮೇಣದಬತ್ತಿಯಿಂದ ಒಂದು ಹನಿ ಜಾರಿ ಅರ್ಧದಲ್ಲೇ ಗಟ್ಟಿಯಾಯಿತು. ನಡುವೆ ಒಂದು ಕಡೆ ಅಕ್ಕ ಯಾವಾಗಲೂ ಒಂದು ಗಳಿಗೆ ತಡೆಯುತ್ತಿದ್ದಳು. ಆಸ್ಪತ್ರೆಯಲ್ಲಿದ್ದ ತಂಗಿಯೊಡನೆ ಕೊನೆಗೆ ಆಡಿದ ಒರಟು ಮಾತು ಅಲ್ಲಿ ನೆನಪಾಗುತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಅಯ್ಯನವರು ಆ ಗಳಿಗೆಯನ್ನೂ ಲೆಕ್ಕಕ್ಕೆ ಹಿಡಿದೇ ಕಾದರು.

ರೊಟ್ಟಿಗಾಗಿ ಅವಳೊಬ್ಬಳೇ ಎದ್ದುಹೋಗಿ ಮಂಡಿಯೂರಿದಳು. ಕೊನೆಯ ಆಶೀರ್ವಾದ ಮುಗಿದು ಮತ್ತೆ ನಿಶ್ಶಬ್ದವಾಯಿತು. ಆಗ ಹಿಂದಿನಿಂದ, ಹಾಜರಿ ಕೂಗುವ ಗಡಸು ದನಿಯಲ್ಲಿ, "ಆಮೆನ್" ಕೇಳಿತು. ಹೆಡ್‌ಮಾಸ್ಟರು ತಕ್ಷಣ ಕೆಮ್ಮಿ ನೋಟ್‌ಬುಕ್ ತೆರೆದರು.

"ಎರಡು ಅಂತ ಬರೀಲಾ ಸರ್?" ಅಯ್ಯನವರು ಆರಾಧನೆಯ ರಿಜಿಸ್ಟರ್ ಮುಂದೆ ಪೆನ್ನು ಹಿಡಿದು ಕೇಳಿದರು.

"ಎರಡೇ ಅಲ್ವಾ," ಎಂದರು ಅವರು, ಯಾರ ಮುಖವನ್ನೂ ನೋಡದೆ. ಬಾಗಿಲ ಬಳಿ ಜೇಬು ತಡಕಿ ಅಕ್ಕನ ಅಂಗೈಯಲ್ಲಿ ಲವಂಗದ ಪೆಪ್ಪರ್‌ಮೆಂಟ್ ಇಟ್ಟರು. "ಚೀಪಿ, ಕಚ್ಚಬೇಡಿ. ಬೇಜಾರು ಮಾಡ್ಕೋಬೇಡಿ ಅಕ್ಕ. ಆ ಕಡೆ ಹನ್ನೆರಡು ಜನ ಇದ್ದಾರೆ." ಆಮೇಲೆ ದನಿ ತಗ್ಗಿಸಿ, "ಅಯ್ಯನವರಿಗೆ ಈ ವಯಸ್ಸಿಗೇ ಎಷ್ಟು ಮರೆವು ನೋಡಿ. ಒಂದೊಂದು ಸಾಲಿಗೂ ನಿಂತುಬಿಡ್ತಾರೆ."

ಅಯ್ಯನವರು ಗೇಟಿನವರೆಗೂ ಬಂದರು. ಏನೋ ಹೇಳಲು ಹೊರಟು, ಬಸ್ಸಿನ ಸದ್ದು ಕೇಳಿ ಅವಸರದಲ್ಲಿ ಇಷ್ಟೇ ಹೇಳಿದರು: "ಆ ಕಡೆನೂ ಆರಾಧನೆ ಏಳೂವರೆಗೇ ಅಕ್ಕ."

ಮುಂದಿನ ಸೋಮವಾರ ಹಾಲು ಉಕ್ಕಿದಾಗ ತಾನೇ "ಅಯ್ಯೋ" ಎಂದದ್ದು ಕೇಳಿಸಿ, ದನಿ ಮರಳಿದೆಯೆಂದು ಅಕ್ಕನಿಗೆ ಗೊತ್ತಾಯಿತು.

ಬುಧವಾರ ಎಂದಿನ ಹೊತ್ತಿಗೇ ಎದ್ದಳು. ತಲೆ ಬಾಚಿ, ಚರ್ಚಿಗೆ ಹೋಗುವ ಸೀರೆಯುಟ್ಟಳು. ಏಳು ಗಂಟೆಯ ಬಸ್ಸು ಮನೆ ಮುಂದೆ ನಿಂತು, ಅವಳಿಗಾಗಿ ಕಾದಂತೆ ತುಸು ಹೆಚ್ಚೇ ಹೊತ್ತು ತಡೆದು, ಹೋಯಿತು. ಊಟದ ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು ಗಡಿಯಾರ ನೋಡುತ್ತ ಕೂತಳು.

ಏಳೂವರೆಯಾಯಿತು. ಮೊದಲ ಸಾಲು ಅಯ್ಯನವರದು. ಅಕ್ಕ ಕಾದಳು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುವ ಸದ್ದು ಆ ಮೌನದ ನಡುವೆ ಬಿತ್ತು. ಎದ್ದುಹೋಗಿ ನಲ್ಲಿಯನ್ನು ಗಟ್ಟಿಯಾಗಿ ತಿರುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತು, ಮತ್ತೆ ಮೊದಲಿನಿಂದ ಕಾದಳು.

ಆಮೇಲೆ ಗಟ್ಟಿಯಾಗಿ ತನ್ನ ಉತ್ತರ ಹೇಳಿದಳು. ಬೆರಳನ್ನು ಮುಂದಿನ ಸಾಲಿನ ಕೆಳಗಿಟ್ಟು, ಅವರು ಹೇಳಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕೂತಳು.