ಹೆಸರಿಲ್ಲದ ಹಲಗೆ

ಹಲಗೆಯ ಮೇಲೆ ಲೈಲ್‌ನ ಹೆಸರಿರಲಿಲ್ಲ. ನನಗೆ ಅಲ್ಲೇ ಗುಮಾನಿ ಬಂತು.

ದಕ್ಷಿಣ ಧ್ರುವದಲ್ಲಿ ನಮ್ಮದೊಂದು ಪದ್ಧತಿ. ಬಿಸಿನೀರು ಚಿಮ್ಮಿಸಿ ಮಂಜುಗಡ್ಡೆಯಲ್ಲಿ ಬಾವಿ ಕೊರೆದವನು, ಕೊರೆದು ಮುಗಿಸಿದ ಕೂಡಲೇ ಬಾವಿಯ ಬಾಯಿಯ ಹಲಗೆಗೆ ಬಾವಿ ಸರಿಯಿದೆಯೆಂಬ ರುಜುವಾಗಿ ತನ್ನ ಹೆಸರು ಗೀಚಬೇಕು. ಆಮೇಲೆಯೇ ನಾನು ರಾಟೆ ತಿರುಗಿಸಿ ಗಾಜಿನ ಕಣ್ಣುಗಳ ಸರ ಇಳಿಸುವುದು. ನ್ಯೂಟ್ರಿನೋ ಎಂಬ ಕಣ ಮಂಜಿಗೆ ಬಡಿದಾಗ ಮಿಣಕ್ಕೆನ್ನುವ ಬೆಳಕನ್ನು ಹಿಡಿಯಬೇಕಾದ ಕಣ್ಣುಗಳವು. ಬಿಸಿನೀರಿನ ಕೊಳವೆ ಅವಸರದಲ್ಲಿ ಇಳಿದು ಬಾವಿ ಎಲ್ಲಾದರೂ ಕಿರಿದಾಗಿದ್ದರೆ ಸರ ನಡುವೆ ಸಿಕ್ಕಿಕೊಂಡು, ಸುತ್ತಲ ನೀರು ಹೆಪ್ಪುಗಟ್ಟಿ, ಅರವತ್ತು ಕಣ್ಣಿಗೂ ಅಲ್ಲೇ ಸಮಾಧಿ. ಕೊಳವೆಯ ವೇಗ ತೋರಿಸುವ ಮುಳ್ಳು ಬೇರೆ ಕೆಟ್ಟು ಕೂತಿತ್ತು. ಇನ್ನೊಮ್ಮೆ ಇಳಿಸಿ ಅಳೆಯೋಣವೆಂದರೆ ನೀರು ಕಾಯಿಸುವ ಎಣ್ಣೆ ದಂಡ. ಬಾವಿ ಸರಿಯಿದೆ ಅನ್ನುವುದಕ್ಕೆ ಕೊರೆದ ಲೈಲ್ ಟೋರ್ವಿಕ್‌ನ ಬಾಯಿಮಾತೊಂದೇ ಆಧಾರ.

ಆಸಾಮಿ ನನ್ನ ಮುಖ ನೋಡದೆ ಬೂಟಿನ ಹಿಮ ಕೊಡವುತ್ತಿದ್ದ.

“ಯಾಕೋ ಹೆಸ್ರು ಬರ್ದಿಲ್ಲ?”

“ಪೆನ್ಸಿಲ್ ಸಿಗ್ಲಿಲ್ಲ ಕಣೇ ಆರ್ಡಿಸ್. ಇಳ್ಸು, ಹೊತ್ತಾಯ್ತು.”

“ತಗೋ, ನಂದಿದೆ.”

“ಕೈ ಮರಗಟ್ಟಿದೆ ಮಾರಾಯ್ತಿ.”

“ಆಹಾ! ಇಸ್ಪೀಟು ಕಲಸೋವಾಗ ಮರಗಟ್ಟದ ಕೈ ಈಗ ಮರಗಟ್ಟಿತಾ? ಯಾರ ಕಿವಿಗೆ ಹೂವಿಡ್ತೀಯ?”

ಪೆನ್ಸಿಲ್ ತೆಗೆದುಕೊಂಡ. ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದಕ್ಷರ ಬರೆದು ನಿಲ್ಲಿಸಿಬಿಟ್ಟ.

“ಮಧ್ಯದಲ್ಲಿ ತೂಕಡಿಸ್ಬಿಟ್ಟೆ ಕಣೇ. ಎಷ್ಟೊತ್ತೋ ಗೊತ್ತಿಲ್ಲ. ಕೊಳವೆ ಜೋರಾಗಿ ಇಳ್ದುಬಿಡ್ತೋ ಏನೋ. ಹಾರ್ಲನ್‌ಗೆ ಹೇಳ್ಬೇಡ ಕಣೇ, ದಮ್ಮಯ್ಯ.”

ನಾನು ಹೇಳಿದೆ. ಅರವತ್ತು ಕಣ್ಣಿನ ವಿಷಯ, ಹೇಳದೆ ಹೇಗಿರಲಿ? ನಮ್ಮ ಮುಖ್ಯಸ್ಥ ಹಾರ್ಲನ್ ಅವನನ್ನು ಕೆಲಸದಿಂದ ತೆಗೆದು ಮುಂದಿನ ವಿಮಾನಕ್ಕೆ ಹೆಸರು ಬರೆಸಿದ. ಲೈಲ್ ನನ್ನ ಜೊತೆ ಒಂದೇ ಮೇಜಿನಲ್ಲಿ ಉಂಡವನು.

ಕೊಳವೆಯನ್ನು ಮತ್ತೆ ಇಳಿಸಿ ಅಳೆದೆವು. ಬಾವಿ ಎಲ್ಲೂ ಕಿರಿದಾಗಿರಲಿಲ್ಲ. ಅವನು ತೂಕಡಿಸಿದ ಕಡೆಯಂತೂ ಇನ್ನೂ ಅಗಲವಾಗಿತ್ತು: ಇಳಿಸುವ ಗುಂಡಿಯ ಮೇಲಿನ ಕೈ ಸಡಿಲಾಗಿ ಕೊಳವೆ ಅಲ್ಲೇ ನಿಂತು, ಬಿಸಿನೀರು ಸುತ್ತಲೂ ಕರಗಿಸಿತ್ತು. ಸರ ಸಲೀಸಾಗಿ ತಳ ಸೇರಿತು. “ಆದ್ರೂ ನಿದ್ದೆ ನಿದ್ದೆನೇ” ಅಂದ ಹಾರ್ಲನ್.

ವಿಮಾನದ ಹತ್ತಿರ ಲೈಲ್ ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೇ ವಾಸಿಯಿತ್ತು.

“ನಾನಾದ್ರೆ ಬಾಯಿ ಬಿಟ್ಟೆ ಕಣೇ. ನನ್ ಗತಿ ನೋಡಿದ್ಮೇಲೆ ಇನ್ಯಾರು ಬಿಡ್ತಾರೆ?” ಅಂದು ಮೆಟ್ಟಿಲು ಹತ್ತಿದ.

ಮುಂದಿನ ಬಾವಿ ಕೊರೆದವನು ಡೆಲ್ಬರ್ಟ್. ವೇಗದ ಮುಳ್ಳು ಇನ್ನೂ ಕೆಟ್ಟೇ ಇತ್ತು. ಮುಗಿಯುತ್ತಲೇ, ನಾನು ಕೇಳುವ ಮೊದಲೇ, ಹಲಗೆ ತುಂಬ ದೊಡ್ಡದಾಗಿ ಹೆಸರು ಬರೆದ.

“ಇಳ್ಸಕ್ಕಾ, ಬಾವಿ ಚೊಕ್ಕವಾಗಿದೆ.”

ಅವನ ಕಣ್ಣು ಕೆಂಪಗಿದ್ದವು. ಗಾಳಿಗೂ ಕೆಂಪಾಗುತ್ತವೆ, ನಿಜ. ಆ ಹೆಸರನ್ನೇ ನೋಡುತ್ತ, ರಾಟೆಯ ಗುಂಡಿಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ. ಕೆಳಗೆ ನೀರು ಹೆಪ್ಪುಗಟ್ಟುತ್ತಿತ್ತು.