ಆಸರೆ ಮನೆಯ ಇಟ್ಟಿಗೆ

"ಸತ್ತೋಳ ಥರ ಬಿದ್ಕೊಳ್ಳೇ ಅಂದ್ರೆ ಕಣ್ಣು ಪಿಳಿಪಿಳಿ ಬಿಡ್ತೀಯಲ್ಲೇ, ಮುಂಡೇದೆ! ಮುಚ್ಚು!"

ಇಟ್ಟಿಗೆ ಭಟ್ಟಿಯ ಧಣಿ ಸ್ಟ್ರೆಚರಿಗೊಂದು ಒದೆ ಕೊಟ್ಟ. ಗಿಡ್ಡಿ ಕಣ್ಣು ಮುಚ್ಚಿದಳು. ಇಟ್ಟಿಗೆ ಅಚ್ಚು ಹಾಕುತ್ತಿದ್ದವಳನ್ನು ಎಬ್ಬಿಸಿಕೊಂಡು ಬಂದು, ಮೈಮೇಲೆ ಒಂದು ಕೊಡ ನೀರು ಸುರಿದು, ಹೊಳೆಯಲ್ಲಿ ಮುಳುಗಿದವಳನ್ನಾಗಿ ಮಾಡಿದ್ದರು. ಕೈಯ ಕೆಸರು ಹಾಗೇ ಇತ್ತು. ಫೋಟೋಕ್ಕೆ ಅದೇ ಚೆಂದ ಎಂದು ತಾಲೂಕು ಕಚೇರಿಯಿಂದ ಬಂದಿದ್ದ ಸಾಹೇಬರು ಮೆಚ್ಚಿಕೊಂಡರು.

ಹಿಂದಿನ ಮಳೆಗಾಲ ಹೊಳೆ ನುಗ್ಗಿ ಕೂಲಿಯವರ ಗುಡಿಸಲುಗಳನ್ನು ಬಳಿದುಕೊಂಡು ಹೋದ ಮೇಲೆ ಸರ್ಕಾರ ದಿಬ್ಬದ ಮೇಲೊಂದು ಆಸರೆ ಮನೆ ಕಟ್ಟಿಸಿತ್ತು. ಸೈರನ್ನು ಕೂಗಿದರೆ ಎಲ್ಲರೂ ಅಲ್ಲಿಗೆ ಓಡಬೇಕು. ಜನರೇ ತಮ್ಮನ್ನು ಕಾಪಾಡಿಕೊಳ್ಳಲಿ ಎಂದು ಒಂದು ಸಮಿತಿಯೂ ಆಗಿತ್ತು. ಜನರ ಪರವಾಗಿ ಧಣಿಯೇ ಅಧ್ಯಕ್ಷ. ಬೀಗದಕೈ ಅವನ ಸೊಂಟದಲ್ಲಿ.

ಇವತ್ತು ನೆರೆಯ ತಾಲೀಮು. ಆಸರೆ ಮನೆಯ ಬಾಗಿಲಿನ ಮೇಲೆ ದೊಡ್ಡ ಬ್ಯಾನರ್ ಬಿಗಿದಿದ್ದರು. ಅದರ ಹಿಂದೆ ಏನಿದೆ ಎಂದು ಸಾಹೇಬರು ಕೇಳಲಿಲ್ಲ. ಕೂಲಿಯವರಿಗೆಲ್ಲ ಗೊತ್ತಿತ್ತು. ಮಳೆಗೆ ಕರಗಬಾರದೆಂದು ಧಣಿ ಸುಡದ ಇಟ್ಟಿಗೆಗಳನ್ನು ನೆಲದಿಂದ ಸೂರಿನ ತನಕ ಒಳಗೆ ಪೇರಿಸಿಟ್ಟಿದ್ದ. ಮಾಳಿಗೆಗೆ ಹತ್ತುವ ಮೆಟ್ಟಿಲೂ ಆ ಇಟ್ಟಿಗೆಯ ಹಿಂದೆಯೇ ಹೂತುಹೋಗಿತ್ತು. ಪೇರಿಸಿದವರು ಇವರೇ.

ಗಿಡ್ಡಿ ಸ್ಟ್ರೆಚರಿನಿಂದ ಎದ್ದು ಕೂತಳು.

"ಸ್ವಾಮಿ, ನಮ್ಮತ್ತೆಗೆ ಹೋದ್ಸಲ ಗೋಡೆ ಬಿದ್ದು ಸೊಂಟ ಮುರಿದದೆ. ಕೆಳಗೆ ಗುಡಿಸ್ಲಲ್ಲಿ ಬಿದ್ದವ್ಳೆ. ನನ್ನ ಬದ್ಲು ಅವಳನ್ನೇ ಇದರ ಮೇಲೆ ಹೊತ್ಕೊಂಡು ಬಂದ್ರೆ..."

"ಆ ಮುದುಕಿ ಮಲಗಿದಲ್ಲೇ ಉಚ್ಚೆ ಹೊಯ್ಕೊಳ್ತಾಳೆ ಸಾರ್," ಎಂದ ಧಣಿ. "ಹೊಸಾ ಸ್ಟ್ರೆಚರು, ಗಬ್ಬೆದ್ದು ಹೋಗ್ತದೆ."

ಸಾಹೇಬರು ನಕ್ಕರು. "ಇದು ತಾಲೀಮಮ್ಮ. ನಿಜವಾಗ್ಲೂ ನೀರು ಬಂದಾಗ ನೋಡೋಣ."

ನಿಜವಾಗಲೂ ಬಂದಾಗ ಬೇಕಾಗಿದ್ದ ಸ್ಟ್ರೆಚರು ಸಾಹೇಬರ ಜೀಪಿನಲ್ಲೇ ವಾಪಸು ಹೋಯಿತು. ಬ್ಯಾನರೂ ಹೋಯಿತು. ಬೀಗ ಉಳಿಯಿತು.

ಜೀಪು ಬರುವುದು ತಡವಾಯಿತೆಂದು ಬೆಳಗ್ಗೆ ಸೈರನ್ನನ್ನು ಮತ್ತೆ ಮತ್ತೆ ಕೂಗಿಸಿದ್ದರು. ಕೂಗಿದಾಗಲೆಲ್ಲ ಜನ ಎದ್ದುಬಿದ್ದು ದಿಬ್ಬ ಹತ್ತಿದ್ದರು, ಬೈಸಿಕೊಂಡು ಇಳಿದಿದ್ದರು. ಅಷ್ಟರಲ್ಲಿ ಕಲಸಿದ ಮಣ್ಣು ಒಣಗಿ ಬಿರಿದಿತ್ತು. ಮೇಸ್ತ್ರಿಗೆ ರೇಗಿಹೋಗಿತ್ತು.

"ಇನ್ಮೇಲೆ ಸೈರನ್ನು ಗೀರನ್ನು ಅಂತ ಯಾವನಾದ್ರೂ ಅಚ್ಚು ಬಿಟ್ಟು ಎದ್ರೆ, ಗಂಟುಮೂಟೆ ಕಟ್ಕೊಂಡೇ ಏಳ್ಲಿ!"

ಆದ್ದರಿಂದ ಹೊತ್ತಿಳಿಯುವಾಗ ಸೈರನ್ನು ಮತ್ತೆ ಕೂಗಿಕೊಂಡಾಗ ಒಬ್ಬರೂ ತಲೆಯೆತ್ತಲಿಲ್ಲ.

"ಇನ್ನೊಬ್ಬ ಸಾಹೇಬ ಬಂದ ಕಣೇ," ಎಂದಳು ಪಕ್ಕದ ಸಾಲಿನ ನಾದಿನಿ. "ಹೋಗೇ ಗಿಡ್ಡಿ, ಇನ್ನೊಂದ್ಸಲ ಸತ್ತು ಬಾ!"

ಎಲ್ಲರೂ ಗೊಳ್ಳೆಂದು ನಕ್ಕರು. ಗಿಡ್ಡಿಯೂ ನಕ್ಕಳು. ನಗುತ್ತಲೇ ಅಚ್ಚು ತೊಳೆಯಲು ನೀರಿನ ಗುಂಡಿಗೆ ಬಗ್ಗಿದಳು. ಯಾರೂ ತುಂಬಿಸದ ಗುಂಡಿ ತಾನೇ ಉಕ್ಕಿ ಅವಳ ಪಾದ ತೋಯಿಸುತ್ತಿತ್ತು. ಮೇಲೆ ಎಲ್ಲೋ ಅಣೆಕಟ್ಟೆಯ ಬಾಗಿಲು ತೆಗೆದಿದ್ದರು. ಬೆಳಗ್ಗೆ ಹಾಕಿದ ಇಟ್ಟಿಗೆ ಸಾಲಿನ ಅಂಚು ಆಗಲೇ ಕೆಸರಾಗಿ ಕುಸಿಯುತ್ತಿತ್ತು.

"ನೀರು ಬಂತ್ರೋ! ನಿಜವಾಗ್ಲೂ ಬಂತ್ರೋ!"

ಕೂಗುತ್ತಲೇ ಗುಡಿಸಲಿಗೆ ಓಡಿದಳು. ನಾದಿನಿ ಇಟ್ಟಿಗೆಯ ಕೈಗಾಡಿ ತಂದಳು. ಇಬ್ಬರೂ ಸೇರಿ ಮುದುಕಿಯನ್ನು ಅದರ ಮೇಲೆ ಎತ್ತಿ ಹಾಕಿದರು.

"ಮೆತ್ತಗೆ ತಳ್ರೇ, ನಾನೇನು ಇಟ್ಟಿಗೆಯಾ?" ಎಂದಳು ಮುದುಕಿ, ಹಲ್ಲು ಕಚ್ಚಿಕೊಂಡು.

ದಿಬ್ಬದ ಮೇಲೆ ಜನವೆಲ್ಲ ಬಾಗಿಲ ಮುಂದೆ ಒತ್ತಿಕೊಂಡು ನಿಂತಿತ್ತು. ಸುತ್ತ ನಾಲ್ಕೂ ಕಡೆ ಕೆಂಪು ನೀರು ದಿಬ್ಬ ಏರುತ್ತಾ ಬರುತ್ತಿತ್ತು. ಮೇಸ್ತ್ರಿ ಫೋನು ಹಿಡಿದು ಅರಚುತ್ತಿದ್ದ. ಪೇಟೆಯ ಮನೆಯಲ್ಲಿದ್ದ ಧಣಿ ಫೋನು ಎತ್ತಲಿಲ್ಲ.

ಗಿಡ್ಡಿ ಮಣ್ಣು ಅಗೆಯುವ ಗುದ್ದಲಿ ಕಿತ್ತುಕೊಂಡು ಬೀಗಕ್ಕೆ ಇಕ್ಕಿದಳು.

"ಲೇ, ಬೇಡ ಕಣೇ! ಧಣಿ ನನ್ನ ಚರ್ಮ ಸುಲೀತಾನೆ!" ಎಂದು ಮೇಸ್ತ್ರಿ ಅಡ್ಡ ಬಂದ.

"ಸುಲಿಯಕ್ಕೆ ನೀನು ಉಳಿದಿದ್ರೆ ತಾನೇ, ಬೋಳಿಮಗನೆ?"

ಇನ್ನೆರಡು ಏಟಿಗೆ ಬೀಗ ಮುರಿಯಿತು. ಬಾಗಿಲ ಹಿಂದೆ ಒಂದು ಮಗು ನಿಲ್ಲುವಷ್ಟೂ ಜಾಗವಿರಲಿಲ್ಲ. ಗಿಡ್ಡಿ ಮೇಲಿನಿಂದ ಒಂದು ಇಟ್ಟಿಗೆ ಎಳೆದು ಮೇಸ್ತ್ರಿಯ ಎದೆಗೆ ಒತ್ತಿದಳು.

"ದಾಟಿಸೋ."

ಅವನು ಫೋನನ್ನು ಜೇಬಿಗೆ ತುರುಕಿ ಅದನ್ನು ಹಿಡಿದ. ಆಮೇಲೆ ನಾದಿನಿಯ ಕೈಗೆ ಕೊಟ್ಟ. ಭಟ್ಟಿ ಪೇರಿಸುವಾಗ ನಿಲ್ಲುವಂತೆಯೇ ಸಾಲು ತಾನಾಗಿ ಕಟ್ಟಿಕೊಂಡಿತು. ಕೈಯಿಂದ ಕೈಗೆ, ಕೈಯಿಂದ ಕೈಗೆ. ಕೊನೆಯಲ್ಲಿದ್ದವನು ಹೊಳೆಗೆ ಎಸೆಯುತ್ತಿದ್ದ. ಅವರೇ ಕಲಸಿ ತುಳಿದು ಅಚ್ಚಿಗೆ ಬಡಿದ ಮಣ್ಣು ಬಿದ್ದಲ್ಲೇ ಕರಗಿ ನೀರನ್ನು ಇನ್ನಷ್ಟು ಕೆಂಪು ಮಾಡುತ್ತಿತ್ತು. ಗಿಡ್ಡಿಯ ಉಗುರು ಸಂದಿಯಲ್ಲಿ ರಕ್ತ ಒಸರುತ್ತಿತ್ತು.

ಒಂದು ಸಾಲು ತೆಗೆದರು. ಅದರ ಹಿಂದೆ ಇನ್ನೊಂದು ಸಾಲು.

"ಲೇ ಗಿಡ್ಡಿ," ಹೊರಗೆ ನೀರಲ್ಲಿ ಮುಳುಗತೊಡಗಿದ್ದ ಗಾಡಿಯ ಮೇಲಿನಿಂದ ಅತ್ತೆ ಕರೆದಳು, "ಕಾಲು ತಣ್ಣಗಾಗ್ತಾ ಇದೆ ಕಣೇ."

ಗಿಡ್ಡಿ ತಿರುಗಿ ನೋಡಲಿಲ್ಲ. ಮುಂದಿನ ಇಟ್ಟಿಗೆಗೆ ಕೈ ಹಾಕಿದಳು. ಮೆಟ್ಟಿಲು ಇನ್ನೂ ಕಂಡಿರಲಿಲ್ಲ.